ಕಂಪ್ರೆಸರ್ ಟ್ಯಾಂಕು ನಿಧಾನವಾಗಿ ತುಂಬುತ್ತಿದ್ದರೆ: ಹೆಡ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಪಂಚರ್ ಅಂಗಡಿ, ವಾಹನಗಳ ಸರ್ವಿಸ್ ಶೆಡ್ಡು, ಪೇಂಟಿಂಗ್ ಕೆಲಸದ ಜಾಗ ಮುಂತಾದ ಕಡೆ ಬೆಲ್ಟಿನಿಂದ ಓಡುವ ಪಿಸ್ಟನ್ ಕಂಪ್ರೆಸರ್ ಒಂದೇ ದಿನದಲ್ಲಿ ಕೆಡುವುದು ಅಪರೂಪ. ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ನಿಧಾನವಾಗುತ್ತಾ ಹೋಗುತ್ತದೆ. ಅದರ ಜೊತೆಗೇ ಕೆಲಸ ಮಾಡುವವರಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಲಾರಿಯ ಟೈರಿಗೆ ಗಾಳಿ ಹಿಡಿಸಲು ಗಿರಾಕಿ ಕಾಯಬೇಕಾಗಿ ಬಂದಾಗ ಮಾತ್ರ ಗಮನಕ್ಕೆ ಬರುತ್ತದೆ. ಆಗ ಹೆಚ್ಚಿನ ಕಡೆ ಮೊದಲು ಕೇಳಿಬರುವ ಮಾತು ‘ರಿಂಗ್ ಹೋಗಿರಬೇಕು’ ಎಂಬುದು (ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ಉಂಗುರವೇ ರಿಂಗ್), ಮೊದಲು ನಡೆಯುವ ಕೆಲಸ ಹೆಡ್, ಅಂದರೆ ಸಿಲಿಂಡರಿನ ಮೇಲಿನ ವಾಲ್ವುಗಳಿರುವ ಮುಚ್ಚಳ, ಬಿಚ್ಚುವುದು. ಈ ಕ್ರಮ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರಿಂಗ್ ಸವೆಯುವುದು ನಿಜವಾದರೂ, ಅದಕ್ಕಿಂತ ಮೊದಲು ನೋಡಬೇಕಾದ, ಖರ್ಚಿಲ್ಲದೆ ಸರಿಪಡಿಸಬಹುದಾದ ಕಾರಣಗಳು ಹಲವಿವೆ. ಒಂದು ಗಡಿಯಾರ ಮತ್ತು ಸರಿಯಾದ ಒಂದು ಗೇಜು ಇದ್ದರೆ ದೋಷ ಯಂತ್ರದ ಯಾವ ಭಾಗದಲ್ಲಿದೆ ಎಂಬುದನ್ನು ಏನನ್ನೂ ಬಿಚ್ಚದೆಯೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಇಲ್ಲಿನ ವಿವರಣೆ 2ರಿಂದ 10 ಎಚ್‌ಪಿವರೆಗಿನ, ಎಣ್ಣೆ ಹಾಕುವ ಪಿಸ್ಟನ್ ಕಂಪ್ರೆಸರ್‌ಗಳಿಗೆ ಅನ್ವಯಿಸುತ್ತದೆ. ಸ್ಕ್ರೂ ಕಂಪ್ರೆಸರ್‌ನ ವ್ಯವಹಾರ ಬೇರೆ.

ಮುಟ್ಟುವ ಮೊದಲು

ಎಂಟು ಕೆ.ಜಿ. ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ 8 ಕೆ.ಜಿ. ಬಲ, ಅಂದರೆ ಸುಮಾರು 114 ಪಿಎಸ್‌ಐ. 40 ಸೆಂ.ಮೀ. ವ್ಯಾಸದ ಟ್ಯಾಂಕಿನ ಒಂದು ತುದಿಯ ಮುಚ್ಚಳದ ಮೇಲೆ ಒಟ್ಟು ಬೀಳುವ ಬಲವನ್ನು ಲೆಕ್ಕ ಹಾಕಿದರೆ ಅದು ಸುಮಾರು 10 ಟನ್ ಆಗುತ್ತದೆ. ಆದ್ದರಿಂದ ಯಾವುದೇ ನಟ್ಟು, ಬೋಲ್ಟು, ವಾಲ್ವು ಸಡಿಲಿಸುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು, ಟ್ಯಾಂಕಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಏಕೆಂದರೆ ಪ್ರೆಷರ್ ಸ್ವಿಚ್ ಇರುವ ಯಂತ್ರ ಒತ್ತಡ ಇಳಿದ ಕೂಡಲೇ ತಾನಾಗಿ ಓಡತೊಡಗುತ್ತದೆ. ಗೇಜಿನ ಮುಳ್ಳು ಸೊನ್ನೆ ತೋರಿಸಿದರೂ ಡ್ರೈನ್ ಕಾಕನ್ನು, ಅಂದರೆ ಟ್ಯಾಂಕಿನ ತಳದಲ್ಲಿ ನೀರು ಬಿಡುವ ನಲ್ಲಿಯನ್ನು, ತೆರೆದೇ ಇಟ್ಟು ಕೆಲಸ ಮಾಡುವುದು ಕ್ಷೇಮ. ಓಡಿ ನಿಂತ ಯಂತ್ರದ ಹೆಡ್ ಮತ್ತು ಅದರಿಂದ ಟ್ಯಾಂಕಿಗೆ ಹೋಗುವ ಪೈಪು ಚರ್ಮ ಸುಡುವಷ್ಟು ಬಿಸಿಯಾಗಿರುತ್ತವೆ. ಬೆಲ್ಟಿನ ಗಾರ್ಡ್ ಇಲ್ಲದೆ ಯಂತ್ರ ಓಡಿಸಿ ಪರೀಕ್ಷಿಸುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು.

ಗಡಿಯಾರ ಹಿಡಿದು ತುಂಬಿಸುವುದು

‘ನಿಧಾನ’ ಎಂಬುದು ಅಂದಾಜಾಗಿ ಉಳಿಯಬಾರದು, ಅಂಕಿಯಾಗಬೇಕು. ಮೊದಲು ಡ್ರೈನ್ ಕಾಕನ್ನು ತೆರೆದು ಟ್ಯಾಂಕಿನಲ್ಲಿರುವ ನೀರನ್ನೆಲ್ಲ ಹೊರಹಾಕಬೇಕು. ನೀರು ತುಂಬಿದ ಟ್ಯಾಂಕು ನಿಧಾನವಾಗಿ ತುಂಬುತ್ತದೆ ಎಂದು ಕೆಲವರು ತಿಳಿದಿದ್ದಾರೆ. ನಡೆಯುವುದು ಅದಕ್ಕೆ ವಿರುದ್ಧ: ನೀರು ಜಾಗ ಹಿಡಿದಷ್ಟೂ ಗಾಳಿಗೆ ಜಾಗ ಕಡಿಮೆಯಾಗಿ ಮುಳ್ಳು ಬೇಗ ಮೇಲೇರುತ್ತದೆ, ಬಳಸುವಾಗ ಅಷ್ಟೇ ಬೇಗ ಕೆಳಗಿಳಿಯುತ್ತದೆ. ಹಾಗಾಗಿ ನೀರು ಖಾಲಿ ಮಾಡದೆ ಅಳೆದ ಸಮಯ ಯಂತ್ರದ ಸೋಮಾರಿತನವನ್ನು ಮುಚ್ಚಿಡುತ್ತದೆ. ಮಳೆಗಾಲದ ಮಂಗಳೂರಿನಂಥ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. 30 ಡಿಗ್ರಿ ಉಷ್ಣತೆ ಮತ್ತು ಶೇ. 80ರಷ್ಟು ಆರ್ದ್ರತೆ ಇರುವ ಗಾಳಿಯನ್ನು ನಿಮಿಷಕ್ಕೆ ಸುಮಾರು 200 ಲೀಟರಿನಂತೆ ಎಳೆಯುವ ಯಂತ್ರ, ಒಂದು ಗಂಟೆ ಬಿಡದೆ ಓಡಿದರೆ ಹೆಚ್ಚುಕಡಿಮೆ ಕಾಲು ಲೀಟರ್ ನೀರನ್ನು ಇಳಿಸುತ್ತದೆ.

ನೀರು ಹೋದ ಮೇಲೆ ಡ್ರೈನ್ ಕಾಕನ್ನೂ ಹೊರಹೋಗುವ ಮುಖ್ಯ ವಾಲ್ವನ್ನೂ ಮುಚ್ಚಿ, ಸೊನ್ನೆಯಿಂದ ಯಂತ್ರವನ್ನು ಓಡಿಸಿ, ಪ್ರತಿ ಒಂದು ಕೆ.ಜಿ. ಏರಲು ಎಷ್ಟು ಸೆಕೆಂಡು ಬೇಕಾಯಿತು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಟ್ಟು ಸಮಯ ಮಾತ್ರ ಬರೆದರೆ ಅರ್ಧ ಮಾಹಿತಿ ಕಳೆದುಹೋಗುತ್ತದೆ. ಯಾವ ಹಂತದಲ್ಲಿ ತಡವಾಯಿತು ಎಂಬುದರಿಂದಲೇ ದೋಷದ ಜಾಡು ಸಿಗುತ್ತದೆ.

ಇನ್ನು ಬರಬೇಕಾದ ಸಮಯ ಎಷ್ಟು ಎಂಬ ಲೆಕ್ಕ. ಉದಾಹರಣೆಗೆ 65 ಮಿ.ಮೀ. ಬೋರು (ಸಿಲಿಂಡರಿನ ಒಳವ್ಯಾಸ), 50 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ನು ಚಲಿಸುವ ದೂರ) ಎರಡು ಸಿಲಿಂಡರುಗಳು ನಿಮಿಷಕ್ಕೆ 900 ಸುತ್ತು ತಿರುಗುವ ಒಂದೇ ಹಂತದ ಪಂಪನ್ನು ತೆಗೆದುಕೊಳ್ಳೋಣ. ಅದರ ಪಿಸ್ಟನ್ನುಗಳು ಸರಿಸುವ ಜಾಗ ನಿಮಿಷಕ್ಕೆ ಸುಮಾರು 298 ಲೀಟರ್. ಆದರೆ ಸರಿಸಿದಷ್ಟೂ ಗಾಳಿ ಟ್ಯಾಂಕಿಗೆ ಹೋಗುವುದಿಲ್ಲ. ಈ ಬಗೆಯ ಯಂತ್ರದಲ್ಲಿ ಸುಮಾರು ಶೇ. 70, ಅಂದರೆ 210 ಲೀಟರ್ ನಿಜವಾಗಿ ಸಿಕ್ಕರೆ ಯಂತ್ರ ಆರೋಗ್ಯವಾಗಿದೆ ಎನ್ನಬಹುದು. 160 ಲೀಟರಿನ ಟ್ಯಾಂಕನ್ನು ಸೊನ್ನೆಯಿಂದ 8 ಕೆ.ಜಿ.ಗೆ ಏರಿಸಲು ಹೊರಗಿನ ಸಾಮಾನ್ಯ ಗಾಳಿ ಸುಮಾರು 1,240 ಲೀಟರ್ ಬೇಕು. ಭಾಗಿಸಿದರೆ ಬರುವುದು ಸುಮಾರು 6 ನಿಮಿಷ. ಯಂತ್ರದ ಫಲಕದಲ್ಲಿ ಬರೆದಿರುವ ಅಂಕಿ ಪಿಸ್ಟನ್ನು ಸರಿಸುವ ಜಾಗದ್ದೋ ನಿಜವಾಗಿ ಹೊರಬರುವ ಗಾಳಿಯದ್ದೋ ಎಂಬುದನ್ನು ನೋಡಿಕೊಳ್ಳಬೇಕು. ಮಾರುವವರು ಹೇಳುವ ದೊಡ್ಡ ಅಂಕಿ ಹೆಚ್ಚಿನ ಸಲ ಮೊದಲನೆಯದಾಗಿರುತ್ತದೆ.

ಇದಕ್ಕೆ ಊರಿನ ಎತ್ತರವನ್ನೂ ಸೇರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಮಂಗಳೂರಿನಲ್ಲಿ 6 ನಿಮಿಷಕ್ಕೆ ತುಂಬುವ ಯಂತ್ರ ಬೆಂಗಳೂರಿನಲ್ಲಿ ಆರೂವರೆ ನಿಮಿಷ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಂಡರೆ ಅದು ದೋಷವಲ್ಲ. ಯಂತ್ರ ಹೊಸದಿದ್ದಾಗ ಅದೇ ಜಾಗದಲ್ಲಿ ಅಳೆದ ಸಮಯ ಬರೆದಿಟ್ಟಿದ್ದರೆ ಈ ಲೆಕ್ಕವೇ ಬೇಕಿಲ್ಲ.

ಗೇಜನ್ನು ನಂಬುವ ಮೊದಲು ಅದನ್ನೂ ಪರೀಕ್ಷಿಸಬೇಕು. ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸೊನ್ನೆಗೆ ಮರಳದಿದ್ದರೆ ಅಥವಾ ಬೆರಳಿನಿಂದ ತಟ್ಟಿದಾಗ ಜಿಗಿದರೆ ಬೇರೆ ಗೇಜು ಹಾಕಿ ನೋಡುವುದು ಒಳ್ಳೆಯದು.

ಸಮಯದ ಪಟ್ಟಿಯನ್ನು ಓದುವ ಬಗೆ

ಮೊದಲ ಕೆ.ಜಿ.ಯಿಂದಲೇ ಪ್ರತಿ ಹಂತವೂ ಸಮಪ್ರಮಾಣದಲ್ಲಿ ತಡವಾಗಿದ್ದರೆ ಯಂತ್ರಕ್ಕೆ ಗಾಳಿ ಒಳಬರುತ್ತಿಲ್ಲ ಅಥವಾ ಅದು ಬೇಕಾದಷ್ಟು ವೇಗದಲ್ಲಿ ತಿರುಗುತ್ತಿಲ್ಲ ಎಂದರ್ಥ. ಫಿಲ್ಟರ್ ಕಟ್ಟಿರುವುದು, ಪುಲ್ಲಿಯ ಅಳತೆ ತಪ್ಪಿರುವುದು, ಎರಡು ಸಿಲಿಂಡರುಗಳಲ್ಲಿ ಒಂದು ಪೂರ್ತಿ ಸತ್ತಿರುವುದು ಈ ಗುಂಪಿಗೆ ಸೇರುತ್ತವೆ. ಆರಂಭದಲ್ಲಿ ಸರಿಯಾಗಿ ಏರಿ, 4 ಅಥವಾ 5 ಕೆ.ಜಿ. ದಾಟಿದ ಮೇಲೆ ಎಳೆಯತೊಡಗಿದರೆ ಸೋರಿಕೆ, ಹೆಡ್ಡಿನ ವಾಲ್ವು, ಗ್ಯಾಸ್ಕೆಟ್, ರಿಂಗು ಅಥವಾ ಭಾರ ಬಿದ್ದಾಗ ಜಾರುವ ಬೆಲ್ಟು ಕಾರಣವಾಗಿರುತ್ತದೆ, ಏಕೆಂದರೆ ಇವುಗಳ ಕಳ್ಳತನ ಒತ್ತಡದೊಂದಿಗೆ ಹೆಚ್ಚುತ್ತದೆ. ಆರೋಗ್ಯವಂತ ಯಂತ್ರವೂ ಮೇಲಿನ ಹಂತಗಳಲ್ಲಿ ಸ್ವಲ್ಪ ನಿಧಾನವಾಗುತ್ತದೆ ಎಂಬುದನ್ನು ಮರೆಯಬಾರದು. ಕೊನೆಯ ಕೆ.ಜಿ.ಗೆ ಮೊದಲನೆಯದರ ಎರಡು ಮೂರು ಪಟ್ಟು ಹೊತ್ತು ಹಿಡಿದರೆ ಅನುಮಾನಿಸಬೇಕು. ಒಂದು ಒತ್ತಡಕ್ಕೆ ಬಂದು ಮುಳ್ಳು ಅಲ್ಲೇ ನಿಂತುಬಿಟ್ಟರೆ, ಬರುವಷ್ಟೂ ಗಾಳಿ ಎಲ್ಲೋ ಹೊರಗೆ ಅಥವಾ ಹಿಂದಕ್ಕೆ ಹೋಗುತ್ತಿದೆ ಎಂದರ್ಥ.

ಟ್ಯಾಂಕಿನ ಕಡೆಯೋ, ಪಂಪಿನ ಕಡೆಯೋ

ಪಂಪಿಗೂ ಟ್ಯಾಂಕಿಗೂ ನಡುವೆ ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಹೋದ ಗಾಳಿ ಹಿಂದಕ್ಕೆ ಬರದಂತೆ ತಡೆಯುವುದು ಅದರ ಕೆಲಸ. ದೋಷ ಈ ವಾಲ್ವಿನ ಆಚೆ ಇದೆಯೋ ಈಚೆ ಇದೆಯೋ ಎಂಬುದನ್ನು ತೀರ್ಮಾನಿಸಿದರೆ ಕೆಲಸದ ಅರ್ಧ ಮುಗಿದಂತೆ.

ಟ್ಯಾಂಕನ್ನು ಪೂರ್ತಿ ತುಂಬಿಸಿ, ಮುಖ್ಯ ವಾಲ್ವನ್ನು ಮುಚ್ಚಿ, ಮೇನ್ ಸ್ವಿಚ್ ಆಫ್ ಮಾಡಬೇಕು. ಇಲ್ಲಿ ಬಹಳ ಮಂದಿ ಅವಸರಪಡುತ್ತಾರೆ. ಈಗಷ್ಟೇ ತುಂಬಿದ ಗಾಳಿ ಬಿಸಿಯಾಗಿರುತ್ತದೆ. ಅದು ತಣಿದಂತೆ ಒಂದು ಹನಿ ಸೋರಿಕೆಯಿಲ್ಲದಿದ್ದರೂ ಒತ್ತಡ ಇಳಿಯುತ್ತದೆ. ಟ್ಯಾಂಕಿನೊಳಗಿನ ಗಾಳಿ 60 ಡಿಗ್ರಿಯಿಂದ 30 ಡಿಗ್ರಿಗೆ ಬಂದರೆ 8 ಕೆ.ಜಿ. ಇದ್ದದ್ದು 7.2ರ ಹತ್ತಿರ ಬಂದು ನಿಲ್ಲುತ್ತದೆ. ಆದ್ದರಿಂದ ಅರ್ಧ ಗಂಟೆ ಬಿಟ್ಟು, ಟ್ಯಾಂಕು ಕೈಗೆ ತಣ್ಣಗೆ ತಾಕಿದ ಮೇಲೆ ಗೇಜನ್ನು ಓದಿ, ಅಲ್ಲಿಂದ ಮುಂದಿನ ಇಳಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಇಳಿಕೆಯನ್ನು ಲೀಟರಿಗೆ ಬದಲಿಸಿ ನೋಡುವುದು ಈ ಪರೀಕ್ಷೆಯ ಮುಖ್ಯ ಭಾಗ. 160 ಲೀಟರಿನ ಟ್ಯಾಂಕಿನಲ್ಲಿ 10 ನಿಮಿಷಕ್ಕೆ 1 ಕೆ.ಜಿ. ಇಳಿದರೆ ನಿಮಿಷಕ್ಕೆ ಸುಮಾರು 15 ಲೀಟರ್ ಸೋರುತ್ತಿದೆ. ಅದನ್ನು ಸರಿಪಡಿಸಬೇಕು, ಸಂದೇಹವಿಲ್ಲ. ಆದರೆ 210 ಲೀಟರ್ ಕೊಡುವ ಯಂತ್ರದಲ್ಲಿ ಅದು ಶೇ. 7 ಮಾತ್ರ. 6 ನಿಮಿಷದ ಕೆಲಸಕ್ಕೆ 12 ನಿಮಿಷ ಹಿಡಿಯುತ್ತಿದ್ದರೆ ಅದರ ಹೊಣೆಯನ್ನು ಈ ಸೋರಿಕೆಯ ಮೇಲೆ ಹೊರಿಸಲಾಗದು. ಅಷ್ಟು ತಡವಾಗಬೇಕಾದರೆ ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ಹೋಗಬೇಕು, ಅಂದರೆ ಯಂತ್ರ ನಿಂತಾಗ ಒಂದೂವರೆ ನಿಮಿಷಕ್ಕೇ 1 ಕೆ.ಜಿ. ಇಳಿಯಬೇಕು. ಟ್ಯಾಂಕು ಒತ್ತಡವನ್ನು ಚೆನ್ನಾಗಿ ಹಿಡಿದಿಟ್ಟುಕೊಂಡರೆ ಫಿಟ್ಟಿಂಗುಗಳಿಗೆ ಟೇಪು ಸುತ್ತುತ್ತಾ ಕೂರದೆ ನೇರವಾಗಿ ಪಂಪಿನ ಕಡೆಗೆ ಹೋಗಬೇಕು.

ಮುಖ್ಯ ವಾಲ್ವನ್ನು ತೆರೆದು, ಹೋಸು ಮತ್ತು ಗನ್ನುಗಳನ್ನು ಬಳಸದೆ ಸುಮ್ಮನೆ ಬಿಟ್ಟು ಇದೇ ಪರೀಕ್ಷೆಯನ್ನು ಮತ್ತೆ ಮಾಡಿದರೆ ಶೆಡ್ಡಿನ ಪೈಪುಗಳ ಲೆಕ್ಕವೂ ಸಿಗುತ್ತದೆ. ಒಂದು ಮಿಲಿಮೀಟರ್ ವ್ಯಾಸದ ತೂತು 7 ಕೆ.ಜಿ. ಒತ್ತಡದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಲೀಟರ್, ಅಂದರೆ ನಿಮಿಷಕ್ಕೆ 60 ಲೀಟರ್ ಗಾಳಿಯನ್ನು ಬಿಡುತ್ತದೆ. ಮೇಲಿನ ಯಂತ್ರ ಕೊಡುವುದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಅದು. ಹಳೆಯ ಕಪ್ಲರ್, ಒಡೆದ ಪಿಯು ಪೈಪು, ಗಾಳಿ ಹಿಡಿಸುವ ಗನ್ನಿನ ಒಳಗಿನ ವಾಶರ್ ಇವುಗಳಲ್ಲಿ ಇಂಥ ಎರಡು ಮೂರು ತೂತುಗಳಿರುವುದು ಆಶ್ಚರ್ಯವೇನಲ್ಲ. ಹಗಲಿನ ಗದ್ದಲದಲ್ಲಿ ಅವುಗಳ ಸದ್ದು ಕೇಳಿಸುವುದಿಲ್ಲ, ಅಂಗಡಿ ಮುಚ್ಚಿದ ಮೇಲೆ ಕಿವಿಗೊಟ್ಟರೆ ಅರ್ಧದಷ್ಟು ಸೋರಿಕೆಗಳು ತಾವೇ ಸಿಗುತ್ತವೆ. ಉಳಿದವುಗಳಿಗೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಶ್ಶಿನಿಂದ ಹಚ್ಚಿ ಗುಳ್ಳೆ ನೋಡಬೇಕು. ಡ್ರೈನ್ ಕಾಕು, ಸೇಫ್ಟಿ ವಾಲ್ವಿನ ಬಾಯಿ, ಗೇಜಿನ ಬುಡ, ಪ್ರೆಷರ್ ಸ್ವಿಚ್ಚಿನ ಕೆಳಗಿನ ಸಣ್ಣ ಪೈಪು, ಪಂಪಿನಿಂದ ಬರುವ ಪೈಪಿನ ಎರಡೂ ತುದಿಯ ನಟ್ಟುಗಳು, ಯಾವುದನ್ನೂ ಬಿಡಬಾರದು.

ಸೇಫ್ಟಿ ವಾಲ್ವು ಸೋರುತ್ತಿದ್ದರೆ ಅದೇ ಒತ್ತಡದ ಹೊಸದನ್ನು ಹಾಕಬೇಕೇ ಹೊರತು ಅದರ ಸ್ಪ್ರಿಂಗನ್ನು ಬಿಗಿ ಮಾಡುವುದಾಗಲಿ, ಬಾಯಿಗೆ ಪ್ಲಗ್ ಹಾಕುವುದಾಗಲಿ ಕೂಡದು. ಟ್ಯಾಂಕಿನ ತಗಡಿನ ಮೇಲೆಯೇ, ವಿಶೇಷವಾಗಿ ನೀರು ನಿಲ್ಲುವ ತಳಭಾಗದಲ್ಲಿ, ಗುಳ್ಳೆ ಬಂದರೆ ಅಲ್ಲಿಗೆ ಆ ಟ್ಯಾಂಕಿನ ಆಯುಸ್ಸು ಮುಗಿಯಿತು. ತುಕ್ಕು ಒಂದು ಕಡೆ ತೂತು ಮಾಡಿದೆಯೆಂದರೆ ಅದರ ಸುತ್ತಲ ತಗಡೂ ತೆಳುವಾಗಿರುತ್ತದೆ. ಅಂಥ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಅಥವಾ ಎಂ-ಸೀಲ್ ಮೆತ್ತುವುದು ಜೀವದ ಜೊತೆ ಆಡುವ ಆಟ. ಕಾರ್ಖಾನೆಗಳಲ್ಲಾದರೆ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 31ನೇ ಸೆಕ್ಷನ್ ಒತ್ತಡದ ಯಂತ್ರಗಳು ಸುರಕ್ಷಿತ ಮಿತಿಯನ್ನು ಮೀರದಂತೆ ನೋಡಿಕೊಳ್ಳಬೇಕೆಂದು ವಿಧಿಸುತ್ತಿತ್ತು. ಬೀದಿಬದಿಯ ಅಂಗಡಿಯಲ್ಲಿ ಕಾಯ್ದೆ ನೋಡುವವರು ಇಲ್ಲದಿರಬಹುದು, ಆದರೆ ಟ್ಯಾಂಕು ಸಿಡಿಯಲು ಅಂಗಡಿ, ಕಾರ್ಖಾನೆ ಎಂಬ ಭೇದವಿಲ್ಲ.

ಪ್ರೆಷರ್ ಸ್ವಿಚ್ಚಿನ ಹತ್ತಿರದ ಸದ್ದಿಗೆ ಬೇರೆಯೇ ಅರ್ಥವಿದೆ. ಯಂತ್ರ ನಿಂತಾಗ ಅಲ್ಲಿಂದ ಒಂದೆರಡು ಸೆಕೆಂಡು ‘ಪುಸ್’ ಎಂದು ಗಾಳಿ ಬಿಟ್ಟು ಸುಮ್ಮನಾದರೆ ಅದು ಸರಿಯಾದ ನಡವಳಿಕೆ. ಮುಂದಿನ ಸಲ ಮೋಟಾರು ಹಗುರವಾಗಿ ಹೊರಡಲೆಂದು ಪಂಪಿನ ಪೈಪಿನಲ್ಲಿರುವ ಒತ್ತಡವನ್ನು ಅದು ಇಳಿಸುತ್ತದೆ. ನಿಂತ ಮೇಲೂ ಬಿಡದೆ ಹೊರಬರುತ್ತಿದ್ದರೆ ನಾನ್ ರಿಟರ್ನ್ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಯಂತ್ರ ಓಡುತ್ತಿರುವಾಗಲೇ ಅಲ್ಲಿಂದ ಗಾಳಿ ಬರುತ್ತಿದ್ದರೆ, ಯಂತ್ರ ನಿಂತಾಗ ಮಾತ್ರ ಹೀಗೆ ಗಾಳಿ ಬಿಡಬೇಕಾದ ಅನ್‌ಲೋಡರ್ ವಾಲ್ವು ತೆರೆದೇ ನಿಂತಿದೆ. ತುಂಬುವ ಸಮಯವನ್ನು ನೇರವಾಗಿ ಹೆಚ್ಚಿಸುವುದು ಈ ಎರಡನೆಯ ದೋಷ. ನಾನ್ ರಿಟರ್ನ್ ವಾಲ್ವು ಸ್ವಲ್ಪ ಸೋರುವುದರಿಂದ ಯಂತ್ರ ಮತ್ತೆ ಮತ್ತೆ ಹೊರಡಬೇಕಾಗುತ್ತದೆಯೇ ಹೊರತು ಓಡುವಾಗ ತುಂಬುವ ವೇಗ ಹೆಚ್ಚು ಕುಗ್ಗುವುದಿಲ್ಲ. ಆದರೆ ಅದೇ ವಾಲ್ವು ಮಸಿ ಕಟ್ಟಿ ಅರ್ಧ ಮಾತ್ರ ತೆರೆಯುತ್ತಿದ್ದರೆ ಗಾಳಿಗೆ ದಾರಿಯೇ ಇಲ್ಲದೆ ಹೆಡ್ಡು ವಿಪರೀತ ಬಿಸಿಯಾಗುತ್ತದೆ. ಈ ವಾಲ್ವನ್ನು ಬಿಚ್ಚುವಾಗ ಟ್ಯಾಂಕಿನಲ್ಲಿ ಒತ್ತಡ ಉಳಿದಿದ್ದರೆ ಅದು ಗುಂಡಿನಂತೆ ಚಿಮ್ಮುತ್ತದೆ.

ಗಾಳಿಯ ಬಾಯಿ ಮತ್ತು ತಿರುಗುವ ವೇಗ

ಪಂಪಿನ ಕಡೆಯ ಪರೀಕ್ಷೆಯನ್ನು ಏರ್ ಫಿಲ್ಟರಿನಿಂದ ಆರಂಭಿಸಬೇಕು. ಫಿಲ್ಟರನ್ನು ತೆಗೆದು, ಸುತ್ತ ಧೂಳಿಲ್ಲದಾಗ ಒಂದು ಸಲ ಟ್ಯಾಂಕು ತುಂಬಿಸಿ ಸಮಯ ನೋಡಿದರೆ ಉತ್ತರ ತಕ್ಷಣ ಸಿಗುತ್ತದೆ. ಸಮಯ ಗಮನಾರ್ಹವಾಗಿ ಇಳಿದರೆ ಫಿಲ್ಟರೇ ಅಪರಾಧಿ. ಪೇಂಟಿಂಗ್ ಶೆಡ್ಡಿನಲ್ಲಿ ಹಾರುವ ಬಣ್ಣದ ಮಂಜು ಫಿಲ್ಟರಿನ ಮೇಲೆ ಕೂತು ಗಟ್ಟಿಯಾಗುತ್ತದೆ. ಅಂಥದ್ದನ್ನು ಊದಿ ತೆಗೆಯಲಾಗದು, ಬದಲಿಸಲೇಬೇಕು. ಸ್ಪಂಜಿನ ಫಿಲ್ಟರಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬಹುದು. ಪೆಟ್ರೋಲಿನಲ್ಲಿ ತೊಳೆಯಬಾರದು, ಏಕೆಂದರೆ ಒಂದೇ ಹಂತದಲ್ಲಿ 8 ಕೆ.ಜಿ.ಗೆ ಒತ್ತಿದ ಗಾಳಿ ಹೆಡ್ಡಿನಿಂದ ಹೊರಬರುವಾಗ 200 ಡಿಗ್ರಿಯ ಆಸುಪಾಸಿನಲ್ಲಿರಬಲ್ಲದು, ಅಲ್ಲಿಗೆ ಪೆಟ್ರೋಲಿನ ಆವಿ ಹೋಗುವುದು ಒಳ್ಳೆಯದಲ್ಲ. ಯಂತ್ರವನ್ನು ಮೂಲೆಯ ಮುಚ್ಚಿದ ಕೋಣೆಯಲ್ಲಿ ಇಟ್ಟಿದ್ದರೆ ತಾನೇ ಬಿಸಿ ಮಾಡಿದ ಗಾಳಿಯನ್ನು ಅದು ಮತ್ತೆ ಎಳೆಯುತ್ತದೆ. 30 ಡಿಗ್ರಿಯ ಬದಲು 45 ಡಿಗ್ರಿಯ ಗಾಳಿ ಎಳೆದರೆ ಸುಮಾರು ಶೇ. 5ರಷ್ಟು ಗಾಳಿ ಕಡಿಮೆ ಸಿಗುತ್ತದೆ.

ಬೆಲ್ಟಿನ ವಿಷಯದಲ್ಲಿ ಕಣ್ಣನ್ನು ನಂಬುವುದಕ್ಕಿಂತ ಸುತ್ತುಗಳನ್ನು ಎಣಿಸುವ ಟ್ಯಾಕೋಮೀಟರನ್ನು ನಂಬುವುದು ಮೇಲು. 2 ಕೆ.ಜಿ. ಇರುವಾಗ ಪಂಪಿನ ಚಕ್ರದ ಸುತ್ತುಗಳನ್ನು ಅಳೆದು, 8 ಕೆ.ಜಿ. ಹತ್ತಿರ ಬಂದಾಗ ಮತ್ತೆ ಅಳೆಯಬೇಕು. ಮೋಟಾರಿನ ವೇಗ ಹಾಗೆಯೇ ಇದ್ದು ಚಕ್ರದ ವೇಗ ಮಾತ್ರ ಇಳಿದಿದ್ದರೆ ಬೆಲ್ಟು ಜಾರುತ್ತಿದೆ. ಟ್ಯಾಕೋಮೀಟರ್ ಇಲ್ಲದಿದ್ದರೆ, ಯಂತ್ರ ನಿಲ್ಲಿಸಿ ಮೇನ್ ಆಫ್ ಮಾಡಿದ ಮೇಲೆ ಮೋಟಾರಿನ ಪುಲ್ಲಿಯ ಹತ್ತಿರ ಕೈ ಹಿಡಿದು ನೋಡಬಹುದು. ಜಾರುವ ಬೆಲ್ಟು ಪುಲ್ಲಿಯನ್ನು ಕಾಯಿಸಿರುತ್ತದೆ. ಎರಡು ಪುಲ್ಲಿಗಳ ನಡುವಿನ ಅಂತರ ಅರ್ಧ ಮೀಟರ್ ಇದ್ದರೆ ಬೆಲ್ಟಿನ ಮಧ್ಯವನ್ನು ಹೆಬ್ಬೆರಳಿನಿಂದ ಒತ್ತಿದಾಗ 8ರಿಂದ 10 ಮಿ.ಮೀ. ಬಗ್ಗುವಷ್ಟು ಬಿಗಿ ಸಾಕು. ಅತಿಯಾಗಿ ಬಿಗಿದರೆ ಬೇರಿಂಗ್ ಹಾಳಾಗುತ್ತದೆ. ವಿ-ಬೆಲ್ಟು ಹಿಡಿಯುವುದು ತನ್ನ ಇಕ್ಕೆಲಗಳಿಂದ, ತಳದಿಂದಲ್ಲ. ಪುಲ್ಲಿಯ ತೋಡಿನ ತಳ ಹೊಳೆಯುತ್ತಿದ್ದರೆ ಬೆಲ್ಟೋ ತೋಡೋ ಸವೆದು ಬೆಲ್ಟು ತಳಕ್ಕೆ ಕೂರುತ್ತಿದೆ, ಆಗ ಎಷ್ಟು ಬಿಗಿದರೂ ಜಾರುವುದು ನಿಲ್ಲುವುದಿಲ್ಲ. ಎರಡು ಬೆಲ್ಟಿನ ಯಂತ್ರದಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಮೋಟಾರು ಸುಟ್ಟುಹೋಗಿ ಬೇರೆಯದನ್ನು ಹಾಕಿಸಿದ ಮೇಲೆ ಯಂತ್ರ ನಿಧಾನವಾಗಿದ್ದರೆ ಪುಲ್ಲಿಯನ್ನು ಅಳೆಯಬೇಕು. 1440 ಸುತ್ತಿನ ಮೋಟಾರಿಗೆ ಏಳೂವರೆ ಇಂಚಿನ ಪುಲ್ಲಿ ಇದ್ದು, ಪಂಪಿನ ಚಕ್ರ 12 ಇಂಚಿನದಾದರೆ ಪಂಪಿಗೆ 900 ಸುತ್ತು ಸಿಗುತ್ತದೆ. ಅದೇ ಮೋಟಾರಿಗೆ ಕೈಗೆ ಸಿಕ್ಕಿದ 6 ಇಂಚಿನ ಪುಲ್ಲಿ ಹಾಕಿದರೆ 720 ಸುತ್ತು, ಅಂದರೆ ಐದರಲ್ಲಿ ಒಂದು ಭಾಗ ಗಾಳಿ ನಷ್ಟ. 60 ಹರ್ಟ್ಸ್ ವಿದ್ಯುತ್ತಿನ ದೇಶಗಳಿಂದ ತಂದ ಹಳೆಯ ಯಂತ್ರಗಳಲ್ಲೂ ಇದೇ ಕಥೆ. ನಮ್ಮ 50 ಹರ್ಟ್ಸ್‌ನಲ್ಲಿ ಮೋಟಾರು ಆರನೇ ಒಂದು ಭಾಗದಷ್ಟು ನಿಧಾನವಾಗಿಯೇ ತಿರುಗುತ್ತದೆ.

ವೋಲ್ಟೇಜಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ರೂಢಿಯಾಗಿದೆ. ವಾಸ್ತವವಾಗಿ ವೋಲ್ಟೇಜು ಸ್ವಲ್ಪ ಇಳಿದರೆ ಇಂಡಕ್ಷನ್ ಮೋಟಾರಿನ ವೇಗ ಅಷ್ಟಾಗಿ ಇಳಿಯುವುದಿಲ್ಲ, ಆದರೆ ಅದರ ಎಳೆಯುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ. ಶೇ. 10ರಷ್ಟು ಇಳಿದರೆ ಬಲ ಶೇ. 19ರಷ್ಟು ಕಡಿಮೆ. ಹಾಗಾಗಿ ಕೆಳಗಿನ ಒತ್ತಡದಲ್ಲಿ ಸರಿಯಾಗಿಯೇ ಓಡಿ, ಮೇಲಿನ ಒತ್ತಡದಲ್ಲಿ ಏದುಸಿರು ಬಿಡುತ್ತದೆ. ವೋಲ್ಟೇಜನ್ನು ಯಂತ್ರ ನಿಂತಿರುವಾಗಲ್ಲ, ಪೂರ್ತಿ ಭಾರದಲ್ಲಿ ಓಡುವಾಗ ಮೋಟಾರಿನ ಟರ್ಮಿನಲ್ಲಿನಲ್ಲೇ ಅಳೆಯಿಸಬೇಕು. ಉದ್ದವಾದ ತೆಳ್ಳನೆಯ ವೈರಿನಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಈ ಅಳತೆ ಎಲೆಕ್ಟ್ರಿಷಿಯನ್‌ನ ಕೆಲಸ. ಸಿಂಗಲ್ ಫೇಸ್ ಮೋಟಾರಿನಲ್ಲಿ ಕಂಡೆನ್ಸರ್ ದುರ್ಬಲವಾಗಿದ್ದರೆ, ಮೂರು ಫೇಸಿನ ಮೋಟಾರಿನಲ್ಲಿ ಒಂದು ಫೇಸ್ ಹೋಗಿದ್ದರೆ ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಅದನ್ನು ಓಡಲು ಬಿಡಬಾರದು.

ಮೂರು ಫೇಸಿನ ಮೋಟಾರಿಗೆ ವೈರು ಬದಲಿಸಿ ಜೋಡಿಸಿದಾಗ ಪಂಪು ಹಿಮ್ಮುಖವಾಗಿ ತಿರುಗುವುದುಂಟು. ಪಿಸ್ಟನ್ ಪಂಪು ಯಾವ ದಿಕ್ಕಿಗೆ ತಿರುಗಿದರೂ ಗಾಳಿ ಕೊಡುವುದರಿಂದ ಇದು ಕೂಡಲೇ ತಿಳಿಯುವುದಿಲ್ಲ. ಆದರೆ ಚಕ್ರದ ರೆಕ್ಕೆಗಳು ಸಿಲಿಂಡರಿನ ಮೇಲೆ ಗಾಳಿ ಬೀಸುವ ಬದಲು ಅಲ್ಲಿಂದ ಎಳೆಯತೊಡಗಿ ಪಂಪು ಕಾಯುತ್ತದೆ. ಚಕ್ರದ ಮೇಲಿನ ಬಾಣದ ಗುರುತನ್ನು ಒಮ್ಮೆ ನೋಡಿದರೆ ಸಾಕು.

ಹೆಡ್ಡಿನ ಒಳಗೆ

ಇಷ್ಟೆಲ್ಲ ಸರಿಯಿದ್ದೂ ಯಂತ್ರ ನಿಧಾನವಾಗಿದ್ದರೆ ಈಗ ಹೆಡ್ಡಿನ ಸರದಿ. ಆಗಲೂ ಬಿಚ್ಚುವ ಮೊದಲು ಎರಡು ಪರೀಕ್ಷೆಗಳಿವೆ. ಫಿಲ್ಟರ್ ತೆಗೆದು, ಗಾಳಿ ಎಳೆಯುವ ಬಾಯಿಯ ಮುಂದೆ ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿಯಬೇಕು. ಎಳೆತ ಮಾತ್ರ ತಿಳಿಯಬೇಕು. ಪ್ರತಿ ಸುತ್ತಿಗೂ ಬಿಸಿಗಾಳಿ ಹಿಂದಕ್ಕೆ ಉಗಿದರೆ ಸಕ್ಷನ್ (ಗಾಳಿ ಒಳಗೆಳೆಯುವ) ವಾಲ್ವಿನ ಪತ್ತಿ, ಅಂದರೆ ತೆರೆದು ಮುಚ್ಚುವ ತೆಳು ಉಕ್ಕಿನ ಪಟ್ಟಿ, ಮುರಿದಿದೆ ಅಥವಾ ಅದರ ಕೆಳಗೆ ಕಸ ಸಿಕ್ಕಿದೆ. ಎರಡನೆಯದಾಗಿ, ಕೆಲವು ನಿಮಿಷ ಓಡಿಸಿ ಎರಡು ಸಿಲಿಂಡರುಗಳ ಹೆಡ್ಡಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಹೋಲಿಸಬೇಕು. ಒಂದು ತೀರ ತಣ್ಣಗಿದ್ದರೆ ಅದು ಗಾಳಿ ಒತ್ತುತ್ತಿಲ್ಲ. ಒಂದು ಮಾತ್ರ ವಿಪರೀತ ಕಾದಿದ್ದರೆ ಡೆಲಿವರಿ (ಗಾಳಿ ಹೊರಬಿಡುವ) ವಾಲ್ವು ಸೋರಿ, ಹೊರಹೋದ ಬಿಸಿಗಾಳಿಯೇ ಮರಳಿ ಬಂದು ಮತ್ತೆ ಮತ್ತೆ ಒತ್ತಲ್ಪಡುತ್ತಿದೆ.

ದೊಡ್ಡ ಸಿಲಿಂಡರಿನಲ್ಲಿ ಒಮ್ಮೆ, ಸಣ್ಣದರಲ್ಲಿ ಮತ್ತೊಮ್ಮೆ ಗಾಳಿ ಒತ್ತುವ ಎರಡು ಹಂತದ ಯಂತ್ರದಲ್ಲಿ, ನಡುವೆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಒತ್ತಡ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಟ್ಯಾಂಕು 8 ಕೆ.ಜಿ. ಇರುವಾಗ ಅಲ್ಲಿ ಸುಮಾರು 2 ಕೆ.ಜಿ., 12 ಇರುವಾಗ ಸುಮಾರು ಎರಡೂವರೆ ಕೆ.ಜಿ. ಇರುವುದು ಸಹಜ. ಅದಕ್ಕಿಂತ ಬಹಳ ಹೆಚ್ಚಾಗಿ ಇಂಟರ್‌ಕೂಲರಿನ ಸೇಫ್ಟಿ ವಾಲ್ವು ಪಟಪಟನೆ ಹಾರುತ್ತಿದ್ದರೆ ಎರಡನೇ ಹಂತದ, ಅಂದರೆ ಸಣ್ಣ ಸಿಲಿಂಡರಿನ ವಾಲ್ವು ಕೆಟ್ಟಿದೆ. ತೀರ ಕಡಿಮೆಯಿದ್ದರೆ ದೊಡ್ಡ ಸಿಲಿಂಡರಿನ ಕಡೆ ನೋಡಬೇಕು.

ಹೆಡ್ ಬಿಚ್ಚುವಾಗ ವಾಲ್ವ್ ಪ್ಲೇಟು ಯಾವ ದಿಕ್ಕಿಗೆ, ಯಾವ ಪತ್ತಿ ಎಲ್ಲಿತ್ತು ಎಂಬುದನ್ನು ಫೋಟೋ ತೆಗೆದಿಟ್ಟುಕೊಳ್ಳಬೇಕು. ಮಸಿಯನ್ನು ಹಿತ್ತಾಳೆಯ ಬ್ರಶ್ಶಿನಿಂದ ಅಥವಾ ಮರದ ಚೂರಿನಿಂದ ಕೆರೆಯಬೇಕು. ಸ್ಕ್ರೂಡ್ರೈವರಿನ ಗೀರು ಬಿದ್ದ ಸೀಟು (ಪತ್ತಿ ಕೂರುವ ಜಾಗ) ಮುಂದೆಂದೂ ಗಾಳಿ ಹಿಡಿಯುವುದಿಲ್ಲ. ಬಿರುಕು ಬಿಟ್ಟ, ಬಗ್ಗಿದ ಪತ್ತಿಯನ್ನು ತಟ್ಟಿ ನೇರ ಮಾಡಿ ಹಾಕುವುದು ವ್ಯರ್ಥ, ಏಕೆಂದರೆ ಅದು ನಿಮಿಷಕ್ಕೆ ನೂರಾರು ಸಲ ಬಾಗಬೇಕಾದ ಸ್ಪ್ರಿಂಗ್ ಉಕ್ಕು. ಜೋಡಿಸಿದ ವಾಲ್ವಿನ ಮೇಲೆ ಸ್ವಲ್ಪ ಸೀಮೆಎಣ್ಣೆ ಸುರಿದು ಕೆಳಗೆ ಇಳಿಯುತ್ತದೆಯೇ ಎಂದು ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಪರೀಕ್ಷೆ, ಇಂದಿಗೂ ಅದಕ್ಕಿಂತ ಸರಳವಾದದ್ದಿಲ್ಲ. ಒಂದೆರಡು ಹನಿ ಜಿನುಗಿದರೆ ಚಿಂತೆಯಿಲ್ಲ, ಧಾರೆಯಾಗಿ ಇಳಿದರೆ ಸೀಟನ್ನು ನಯವಾದ ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿಸಬೇಕು ಅಥವಾ ವಾಲ್ವ್ ಸೆಟ್ಟನ್ನು ಬದಲಿಸಬೇಕು. ಜೋಡಿಸುವ ಮೊದಲು ಸೀಮೆಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸಬೇಕು.

ಗ್ಯಾಸ್ಕೆಟ್ಟಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೆಡ್ಡಿನೊಳಗೆ ಎಳೆಯುವ ಕೋಣೆ, ಹೊರಬಿಡುವ ಕೋಣೆ ಎಂಬ ಎರಡು ಭಾಗಗಳ ನಡುವಿನ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟರೆ ಹೊರಗೆ ಎಲ್ಲಿಯೂ ಗುಳ್ಳೆ ಬರುವುದಿಲ್ಲ, ಗಾಳಿ ಒಳಗೊಳಗೇ ಸುತ್ತುತ್ತಿರುತ್ತದೆ. ಇನ್ನು ಬದಲಿ ಗ್ಯಾಸ್ಕೆಟ್ಟಿನ ದಪ್ಪ. ಅಂಗಡಿಯಲ್ಲಿ ಸಿಗುವ ದಪ್ಪನೆಯ ಶೀಟನ್ನು ಕತ್ತರಿಸಿ ಹಾಕುವುದು ಸಾಮಾನ್ಯ ಅಭ್ಯಾಸ. ಪಿಸ್ಟನ್ನು ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗದಲ್ಲಿನ ಗಾಳಿ ಹೊರಹೋಗದೆ ಹಿಗ್ಗಿ, ಹೊಸ ಗಾಳಿಗೆ ಜಾಗ ಬಿಡುವುದಿಲ್ಲ. ಈ ಜಾಗ ಸ್ಟ್ರೋಕಿನ ಶೇ. 5 ಇದ್ದಾಗ 8 ಕೆ.ಜಿ. ಒತ್ತಡದಲ್ಲಿ ಲೆಕ್ಕದ ಪ್ರಕಾರ ಶೇ. 78ರಷ್ಟು ಗಾಳಿ ಸಿಗುವುದಾದರೆ, ಶೇ. 6 ಆದಾಗ ಸಿಗುವುದು ಸುಮಾರು ಶೇ. 73. 50 ಮಿ.ಮೀ. ಸ್ಟ್ರೋಕಿನ ಪಂಪಿನಲ್ಲಿ ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ದಪ್ಪವಾದರೆ ಇಷ್ಟು ನಷ್ಟವಾಗುತ್ತದೆ. ‘ಹೆಡ್ ಕೆಲಸ ಮಾಡಿಸಿದ ಮೇಲೆ ಇನ್ನೂ ನಿಧಾನವಾಯಿತು’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ತೀರ ತೆಳುವಾದರೆ ಪಿಸ್ಟನ್ನು ವಾಲ್ವ್ ಪ್ಲೇಟಿಗೆ ಬಡಿಯುತ್ತದೆ. ಆದ್ದರಿಂದ ಕಂಪನಿಯ ದಪ್ಪವನ್ನೇ ಬಳಸಬೇಕು.

ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಈ ಸಂದರ್ಭದಲ್ಲೇ ಬಿಚ್ಚಿ ಒಳಗೆ ನೋಡುವುದು ಲೇಸು. ಇಂಜಿನ್ ಆಯಿಲ್ ಹಾಕಿ ಓಡಿಸುವ ಯಂತ್ರಗಳಲ್ಲಿ ಆ ಪೈಪು ಮಸಿಯಿಂದ ಅರ್ಧ ಮುಚ್ಚಿರುವುದುಂಟು. ಎಣ್ಣೆಯಿಂದ ತೊಯ್ದ ಆ ಮಸಿಗೆ ಬಿಸಿಯಲ್ಲಿ ಬೆಂಕಿಯೂ ಹತ್ತಬಹುದು. ಕಂಪ್ರೆಸರಿಗೆ ಕಂಪ್ರೆಸರ್ ಆಯಿಲನ್ನೇ ಹಾಕಬೇಕೆಂಬುದಕ್ಕೆ ಇದೇ ಕಾರಣ.

ರಿಂಗು ಕೊನೆಗೆ

ರಿಂಗು ಸವೆದಿದ್ದರೆ ಅದರ ಸಾಕ್ಷಿ ಹೊರಗೇ ಸಿಗುತ್ತದೆ. ಕ್ರ್ಯಾಂಕ್‌ಕೇಸಿನ (ಪಂಪಿನ ಕೆಳಗಿನ ಎಣ್ಣೆಯ ಪೆಟ್ಟಿಗೆಯ) ಬ್ರೀದರ್ ಎಂಬ ಗಾಳಿಗಂಡಿಯಿಂದ ಗಾಳಿ ಜೋರಾಗಿ ಉಗುಳುತ್ತದೆ, ಟ್ಯಾಂಕಿನಿಂದ ಬಿಡುವ ನೀರಿನಲ್ಲಿ ಎಣ್ಣೆ ತೇಲುತ್ತದೆ, ಎಣ್ಣೆಯ ಮಟ್ಟ ಬೇಗ ಇಳಿಯುತ್ತದೆ. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ರಿಂಗಿನ ತಂಟೆಗೆ ಹೋಗಬೇಕಿಲ್ಲ. ಬಿಚ್ಚಿದ ಮೇಲೆ ರಿಂಗನ್ನು ಸಿಲಿಂಡರಿನೊಳಗೆ ಸಮವಾಗಿ ಕೂರಿಸಿ ಅದರ ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಬೇಕು. 65 ಮಿ.ಮೀ. ಬೋರಿನಲ್ಲಿ ಹೊಸ ರಿಂಗಿನ ಅಂತರ ಮಿಲಿಮೀಟರಿನ ಕಾಲು ಭಾಗದಷ್ಟಿದ್ದು, ಅದು ಒಂದು ಮಿಲಿಮೀಟರಿನ ಹತ್ತಿರ ಬಂದಿದ್ದರೆ ಬದಲಿಸಲೇಬೇಕು. ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಅಥವಾ ಮೇಲ್ಭಾಗದಲ್ಲಿ ಮೆಟ್ಟಿಲು ಬಿದ್ದಿದ್ದರೆ ರಿಂಗು ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಬೋರು ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವುದೋ, ಸಿಲಿಂಡರ್ ಬದಲಿಸುವುದೋ ಆಗಬೇಕು. ಜೋಡಿಸುವಾಗ ರಿಂಗುಗಳ ಬಾಯಿಗಳು ಒಂದರ ಮೇಲೊಂದು ಬರಬಾರದು. ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳಲು ಹಲವು ಗಂಟೆಗಳ ಓಟ ಬೇಕು. ಜೋಡಿಸಿದ ದಿನವೇ ಸಮಯ ಅಳೆದು ನಿರಾಶರಾಗುವ ಅಗತ್ಯವಿಲ್ಲ.

ಯಂತ್ರ ಸರಿಯಿದ್ದೂ ಗಾಳಿ ಸಾಲದಿದ್ದರೆ

ತುಂಬುವ ಸಮಯ ಲೆಕ್ಕಕ್ಕೆ ಸರಿಯಾಗಿದ್ದೂ ಕೆಲಸದ ಹೊತ್ತಿನಲ್ಲಿ ಒತ್ತಡ ನಿಲ್ಲದಿದ್ದರೆ ಬಳಕೆಯೇ ಹೆಚ್ಚಿದೆ. 10 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಬೇಡುವ ಸ್ಪ್ರೇ ಗನ್ನಿಗೆ ನಿಮಿಷಕ್ಕೆ 283 ಲೀಟರ್ ಗಾಳಿ ಬೇಕು. 210 ಲೀಟರಿನ ಯಂತ್ರ ಅದನ್ನು ಎಂದಿಗೂ ತಣಿಸಲಾರದು. ಇದಕ್ಕೆ ದೊಡ್ಡ ಟ್ಯಾಂಕು ಪರಿಹಾರವೆಂದು ಸಲಹೆ ಕೊಡುವವರಿದ್ದಾರೆ. ದೊಡ್ಡ ಟ್ಯಾಂಕು ಒಮ್ಮೆಗೆ ಹೆಚ್ಚು ಗಾಳಿಯನ್ನು ಕೂಡಿಡುತ್ತದೆಯೇ ಹೊರತು ಒಂದು ಲೀಟರನ್ನೂ ಹೆಚ್ಚು ಮಾಡುವುದಿಲ್ಲ, ತುಂಬಲು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಟೈರಿನಂತೆ ಬಿಟ್ಟು ಬಿಟ್ಟು ಬಳಸುವ ಕೆಲಸಕ್ಕೆ ಅದು ಉಪಯುಕ್ತ, ಪೇಂಟಿಂಗಿನಂತೆ ಎಡೆಬಿಡದೆ ಬಳಸುವ ಕೆಲಸಕ್ಕೆ ಅಲ್ಲ. ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿ ಪಂಪನ್ನು ಓಡಿಸುವ ಉಪಾಯವೂ ಬೇಡ. ಫಲಕದಲ್ಲಿ ಬರೆದ ಸುತ್ತಿಗಿಂತ ಹೆಚ್ಚು ಓಡಿಸಿದರೆ ವಾಲ್ವು ಮತ್ತು ಬೇರಿಂಗುಗಳು ಬೇಗ ಹಾಳಾಗುತ್ತವೆ, ಮೋಟಾರಿನ ಮೇಲೂ ಅಧಿಕ ಭಾರ ಬೀಳುತ್ತದೆ.

ದುರಸ್ತಿ ಮುಗಿದ ಮೇಲೆ ಮೊದಲಿನಂತೆಯೇ ನೀರು ಬಿಟ್ಟು, ಸೊನ್ನೆಯಿಂದ ತುಂಬಿಸಿ, ಪ್ರತಿ ಕೆ.ಜಿ.ಯ ಸಮಯವನ್ನೂ ಚಕ್ರದ ಸುತ್ತನ್ನೂ ಮತ್ತೆ ಅಳೆದು, ದಿನಾಂಕದೊಂದಿಗೆ ಟ್ಯಾಂಕಿನ ಮೇಲೆಯೇ ಪೇಂಟಿನಲ್ಲಿ ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ಅದನ್ನೇ ಮರಳಿ ಅಳೆದು, ಒಟ್ಟು ಸಮಯ ಶೇ. 20ಕ್ಕಿಂತ ಹೆಚ್ಚು ಏರಿದ್ದರೆ ಫಿಲ್ಟರಿನಿಂದ ಆರಂಭಿಸಿ ಇದೇ ಕ್ರಮದಲ್ಲಿ ನೋಡುತ್ತಾ ಬರಬೇಕು.